ಕೊಲ್ಹಾಪುರದಲ್ಲಿ ಹುಟ್ಟಿದ ಒಂದು ಮಗು ಮತ್ತು ನಮ್ಮ ಪ್ರೀತಿಯ ವಿಜ್ಞಾನ ಧಾರಾವಾಹಿಗಳು



ಹೋದ ತಿಂಗಳ ಯುವಕೂಟದಲ್ಲಿ ನಾವು ಒಂದು ಸಣ್ಣ ಆಟ ಆಡಿದೆವು. ಬಲಿಪೂಜೆ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, "ನಿಮಗೆ ಅತ್ಯಂತ ಇಷ್ಟವಾದ ವೈಜ್ಞಾನಿಕ ಕಥೆಯ ಟಿ.ವಿ. ಧಾರಾವಾಹಿ ಯಾವುದು? ಒಂದೇ ಹೆಸರು ಬರೆಯಿರಿ" ಅಂದೆವು. ಕೊಲ್ಹಾಪುರದ ಕಾಲೇಜು ಹುಡುಗರು, ಇಚಲಕರಂಜಿಯಿಂದ ಬಸ್ಸಿನಲ್ಲಿ ಬಂದ ಮಗ್ಗದ ಮನೆಯ ಮಕ್ಕಳು, ಗಡಹಿಂಗ್ಲಜದ ನಮ್ಮ ಹಳೆಯ ಬಳಗ, ಎಲ್ಲರೂ ಬರೆದರು. ಹಿಂದಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಮೂರ್ನಾಲ್ಕು ಜನ ಮಾಮಾಗಳೂ ಚೀಟಿ ಕೇಳಿ ಪಡೆದರು.

ಚೀಟಿ ಬಿಚ್ಚಿದಾಗ ನಗುವೋ ನಗು. ಸಣ್ಣವರು 'ಸ್ಟ್ರೇಂಜರ್ ಥಿಂಗ್ಸ್' ಬರೆದಿದ್ದರು. ನಮ್ಮ ವಯಸ್ಸಿನವರು 'ಶಕ್ತಿಮಾನ್' ಬರೆದಿದ್ದೆವು. ಮಾಮಾಗಳು 'ಸ್ಟಾರ್ ಟ್ರೆಕ್', 'ಜಯಂಟ್ ರೋಬೋಟ್', 'ಇಂದ್ರಧನುಷ್' ಎಂದು ಬರೆದಿದ್ದರು.

ಆಮೇಲೆ ಎರಡು ಮಾತು ಬಂದವು. ನಮ್ಮನ್ನು ಈ ಲೇಖನ ಬರೆಯಲು ಕೂರಿಸಿದ್ದು ಆ ಎರಡು ಮಾತುಗಳೇ.

ಒಬ್ಬ ಹಿರಿಯರು, ಪ್ರೀತಿಯಿಂದಲೇ, "ಇದೆಲ್ಲ ಚರ್ಚಿನ ಅಂಗಳದಲ್ಲಿ ಯಾಕೆ ಬೇಕು? ಗ್ರಹ, ರಾಕೆಟ್ ಅಂತ ತಲೆ ಕೆಡಿಸಿಕೊಂಡವರು ಕೊನೆಗೆ ದೇವರನ್ನು ಬಿಡುತ್ತಾರೆ" ಅಂದರು. ಅದನ್ನು ಕೇಳಿ, ಬರುವ ವರ್ಷ ಭೌತಶಾಸ್ತ್ರ ತೆಗೆದುಕೊಳ್ಳಬೇಕೆಂದಿರುವ ನಮ್ಮ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಹೌದಾ? ನಕ್ಷತ್ರ ಓದಿದರೆ ನಂಬಿಕೆ ಹೋಗುತ್ತದಾ?"

ನಾವು ಬಿ.ಎಸ್ಸಿ. ಓದಿದವರು. ಆದರೂ ಆ ಹೊತ್ತಿಗೆ ನಮ್ಮ ಬಾಯಿಂದ ಸರಿಯಾದ ಉತ್ತರ ಬರಲಿಲ್ಲ. ಮನೆಗೆ ಹೋಗಿ ಓದಿದೆವು, ಹುಡುಕಿದೆವು. ಸಿಕ್ಕ ಕಥೆ ನಮ್ಮ ಕೊಲ್ಹಾಪುರಕ್ಕೇ ಬಂದು ನಿಂತಿತು.

1938 ಎಂಬ ವರ್ಷ

ಟಿ.ವಿ.ಯಲ್ಲಿ ಮೊಟ್ಟಮೊದಲ ವೈಜ್ಞಾನಿಕ ಕಥೆ ಬಂದದ್ದು 1938ರ ಫೆಬ್ರವರಿ 11ರಂದು. ಲಂಡನ್ನಿನ ಬಿಬಿಸಿ ಅಂದು 'ಆರ್.ಯು.ಆರ್.' ಎಂಬ ನಾಟಕದ ಒಂದು ಭಾಗವನ್ನು ಪ್ರಸಾರ ಮಾಡಿತು. ಬರೆದವರು ಚೆಕ್ ದೇಶದ ಕಾರೆಲ್ ಚಾಪೆಕ್. ಇವತ್ತು ನಾವು ಬಾಯಿತುಂಬ ಹೇಳುವ 'ರೋಬೋಟ್' ಎಂಬ ಪದ ಜಗತ್ತಿಗೆ ಬಂದದ್ದು ಆ ನಾಟಕದಿಂದಲೇ. ಅರ್ಧ ಗಂಟೆ ಚಿಲ್ಲರೆಯ ಆ ಪ್ರಸಾರವನ್ನು ನೋಡಿದವರು ಲಂಡನ್ ಸುತ್ತಮುತ್ತ ಟಿ.ವಿ. ಇದ್ದ ಕೆಲವೇ ಮನೆಯವರು.

ಅದೇ 1938ರಲ್ಲಿ ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್ ತಮ್ಮ ಮೊದಲ ಅಂತರಿಕ್ಷ ಕಾದಂಬರಿ 'ಔಟ್ ಆಫ್ ದ ಸೈಲೆಂಟ್ ಪ್ಲಾನೆಟ್' ಪ್ರಕಟಿಸಿದರು. 'ನಾರ್ನಿಯಾ' ಕಥೆಗಳ ಲೂಯಿಸ್ ಅವರೇ ಇವರು. ಮಂಗಳ ಗ್ರಹಕ್ಕೆ ಹೋಗುವ ಕಥೆಯೊಳಗೆ ದೇವರು, ಪಾಪ, ಪತನಗಳ ಪ್ರಶ್ನೆ ಇಟ್ಟರು. ಅಂದರೆ ವೈಜ್ಞಾನಿಕ ಕಥೆಗೂ ನಂಬಿಕೆಗೂ ನಂಟು ಹೊಸದಲ್ಲ.

ಅದೇ ವರ್ಷ ಮೇ 19ರಂದು ಮಹಾರಾಷ್ಟ್ರದ ಮಾಥೇರಾನದಲ್ಲಿ ಗಿರೀಶ್ ಕಾರ್ನಾಡ್ ಹುಟ್ಟಿದರು. ಡಿಸೆಂಬರಿನಲ್ಲಿ ಲಖನೌದಲ್ಲಿ ವಾರಿಸ್ ಹುಸೇನ್ ಎಂಬ ಮಗು ಹುಟ್ಟಿತು. ಇವರಿಬ್ಬರ ನಡುವೆ, ಜುಲೈ 19ರಂದು, ನಮ್ಮ ಕೊಲ್ಹಾಪುರದಲ್ಲಿ ಜಯಂತ ವಿಷ್ಣು ನಾರಳೀಕರ್ ಹುಟ್ಟಿದರು. ಮೂವರ ಹೆಸರೂ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಕೇಂಬ್ರಿಜ್‌ಗೆ ಹೋದ ಹುಡುಗ, ಧಾರಾವಾಹಿ ಬರೆದ ಗುರು

ನಾರಳೀಕರರ ತಂದೆ ವಿಷ್ಣು ವಾಸುದೇವ ನಾರಳೀಕರ್ ಗಣಿತಜ್ಞರು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ತಾಯಿ ಸುಮತಿ ಸಂಸ್ಕೃತ ವಿದ್ವಾಂಸರು. ಮಗ ಬನಾರಸಿನಲ್ಲಿ ಓದಿ 1957ರಲ್ಲಿ ಕೇಂಬ್ರಿಜ್‌ಗೆ ಹೋದ. ಅಲ್ಲಿ ಅವನಿಗೆ ಸಂಶೋಧನೆಯ ಗುರುವಾಗಿ ಸಿಕ್ಕವರು ಫ್ರೆಡ್ ಹಾಯ್ಲ್.

ಹಾಯ್ಲ್ ದೊಡ್ಡ ಖಗೋಳ ವಿಜ್ಞಾನಿ. ನಮ್ಮ ಮೈಯಲ್ಲಿರುವ ಇಂಗಾಲದಂಥ ಧಾತುಗಳು ನಕ್ಷತ್ರಗಳ ಒಡಲಲ್ಲಿ ಹೇಗೆ ಬೆಂದು ತಯಾರಾದವು ಎಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಮುಖ್ಯರು. ಅದೇ ಮನುಷ್ಯ ವೈಜ್ಞಾನಿಕ ಕಾದಂಬರಿಗಳನ್ನೂ ಬರೆಯುತ್ತಿದ್ದರು. ನಾರಳೀಕರ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ 1961ರಲ್ಲಿಯೇ, ಅಕ್ಟೋಬರಿನಿಂದ ನವೆಂಬರಿನವರೆಗೆ, ಬಿಬಿಸಿಯಲ್ಲಿ ಏಳು ಕಂತುಗಳ ಒಂದು ಧಾರಾವಾಹಿ ಬಂತು. ಹೆಸರು 'ಎ ಫಾರ್ ಆಂಡ್ರೊಮಿಡಾ'. ಅದನ್ನು ಬರೆದವರು ಇದೇ ಫ್ರೆಡ್ ಹಾಯ್ಲ್ ಮತ್ತು ಜಾನ್ ಎಲಿಯಟ್.

ಕಥೆ ಇಷ್ಟು: ದೂರದ ಆಕಾಶದಿಂದ ಒಂದು ರೇಡಿಯೋ ಸಂಕೇತ ಬರುತ್ತದೆ. ಬಿಡಿಸಿ ನೋಡಿದರೆ ಅದು ಒಂದು ಕಂಪ್ಯೂಟರ್ ಕಟ್ಟುವ ವಿಧಾನ. ಕಟ್ಟುತ್ತಾರೆ. ಆ ಕಂಪ್ಯೂಟರ್ ಒಂದು ಹೆಣ್ಣುಜೀವವನ್ನೇ ತಯಾರಿಸಲು ದಾರಿ ಹೇಳಿಕೊಡುತ್ತದೆ. ಯಾರೋ ಕಳಿಸಿದ ಜ್ಞಾನವನ್ನು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳದೆ ಬಳಸಬಹುದೇ ಎಂಬುದು ಪ್ರಶ್ನೆ. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಓದಿದರೆ ನಿನ್ನೆ ಬರೆದಂತೆ ಇದೆ! ಅದರಲ್ಲಿ ನಟಿಸಿ ಹೆಸರು ಮಾಡಿದ ಜೂಲಿ ಕ್ರಿಸ್ಟಿ ಹುಟ್ಟಿದ್ದು ನಮ್ಮ ಅಸ್ಸಾಮಿನಲ್ಲಿ.

ಬೇಸರದ ಸಂಗತಿಯೆಂದರೆ ಆ ಧಾರಾವಾಹಿಯ ಹೆಚ್ಚಿನ ಭಾಗ ಇವತ್ತು ಇಲ್ಲ. ಆಗಿನ ಟೇಪುಗಳು ದುಬಾರಿ. ಒಂದು ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಅಳಿಸಿ ಮೇಲೆ ಇನ್ನೊಂದನ್ನು ತುಂಬುತ್ತಿದ್ದರು. ಪೂರ್ಣವಾಗಿ ಉಳಿದದ್ದು ಒಂದೇ ಕಂತು.

ಲಖನೌದ ಹುಡುಗ ಮತ್ತು ನೀಲಿ ಪೆಟ್ಟಿಗೆ

ಎರಡು ವರ್ಷದ ನಂತರ, 1963ರ ನವೆಂಬರ್ 23ರ ಶನಿವಾರ, ಬಿಬಿಸಿಯಲ್ಲಿ 'ಡಾಕ್ಟರ್ ಹೂ' ಶುರುವಾಯಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುವ ಒಂದು ನೀಲಿ ಪೋಲಿಸ್ ಪೆಟ್ಟಿಗೆ, ಅದರೊಳಗೆ ಒಬ್ಬ ವಿಚಿತ್ರ ಮುದುಕ. ಹೊರಗಿನಿಂದ ಚಿಕ್ಕದು, ಒಳಗೆ ಹೋದರೆ ಅರಮನೆಯಷ್ಟು ದೊಡ್ಡದು. ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ಆ ವಾರಿಸ್ ಹುಸೇನ್. ಆಗ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಗಂಡಸರೇ ತುಂಬಿದ್ದ ಕಚೇರಿಯಲ್ಲಿ ಒಬ್ಬ ಯುವತಿ ಮತ್ತು ಒಬ್ಬ ಭಾರತೀಯ ಯುವಕ ಸೇರಿ ಆರಂಭಿಸಿದ ಧಾರಾವಾಹಿ ಆರು ದಶಕ ದಾಟಿ ಬದುಕಿದೆ. ನಮ್ಮಂಥ ಯುವಜನರು ಇದನ್ನು ನೆನಪಿಡಬೇಕು.

ಶುರುವಾದ ದಿನ ಮಾತ್ರ ಬಹಳ ಕತ್ತಲಿನದು. ಹಿಂದಿನ ದಿನ, ನವೆಂಬರ್ 22ರಂದು, ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷ ಜಾನ್ ಕೆನೆಡಿ ಗುಂಡೇಟಿಗೆ ಬಲಿಯಾಗಿದ್ದರು. ಮೇಲೆ ಹೇಳಿದ ಸಿ.ಎಸ್. ಲೂಯಿಸ್ ತೀರಿಕೊಂಡದ್ದೂ ಅದೇ ದಿನ. ಕೆನೆಡಿ ಸುದ್ದಿಯ ಗದ್ದಲದಲ್ಲಿ ಎಷ್ಟೋ ಜನ ಮೊದಲ ಕಂತು ನೋಡಲಿಲ್ಲವೆಂದು ಮುಂದಿನ ವಾರ ಅದನ್ನು ಮತ್ತೆ ತೋರಿಸಿದರು.

ಪಾದ್ರಿಯೊಬ್ಬರ ಒಂದು ಮಾತು

ಈಗ ನಮ್ಮ ಮಾಮಾಗಳ 'ಸ್ಟಾರ್ ಟ್ರೆಕ್'. ಅಮೆರಿಕದಲ್ಲಿ ಅದು 1966ರ ಸೆಪ್ಟೆಂಬರ್ 8ರಂದು ಆರಂಭವಾಗಿ ಮೂರು ವರ್ಷದಲ್ಲಿ 79 ಕಂತು ಕಂಡು ನಿಂತುಹೋಯಿತು. ನಮ್ಮ ದೂರದರ್ಶನದಲ್ಲಿ ಬಂದದ್ದು 1980ರ ದಶಕದಲ್ಲಿ. "ಭಾನುವಾರ ಬೆಳಿಗ್ಗೆ ಪೂಜೆಯಲ್ಲಿ ಗುರುಗಳ ಪ್ರಸಂಗ ಉದ್ದವಾದರೆ ನಮ್ಮ ಜೀವ ಕೈಯಲ್ಲಿ" ಎಂದು ಒಬ್ಬ ಮಾಮಾ ಈಗಲೂ ನಗುತ್ತಾರೆ. ಅವರ ಓಣಿಯಲ್ಲಿ ಇದ್ದದ್ದು ಒಂದೇ ಟಿ.ವಿ. ಅಂತೆ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರಂತೆ.

ಆ ನೌಕೆಯ ಸೇತುವೆಯಲ್ಲಿ ಕೂತವರನ್ನು ನೋಡಿ. ಅಮೆರಿಕದವನು, ರಷ್ಯದವನು, ಜಪಾನಿ ಮೂಲದವನು, ಆಫ್ರಿಕಾದ ಹೆಣ್ಣುಮಗಳು, ಬೇರೆ ಗ್ರಹದ ತಂದೆಯ ಮಗ. ಹೊರಗೆ ಶೀತಲ ಸಮರ ನಡೆಯುತ್ತಿದ್ದ ಕಾಲ, ಕಪ್ಪುಜನರು ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ಕಾಲ. ಆ ಹೆಣ್ಣುಮಗಳ ಪಾತ್ರ, ಲೆಫ್ಟಿನೆಂಟ್ ಉಹುರಾ. ನಟಿ ನಿಶೆಲ್ ನಿಕೋಲ್ಸ್.

ಮೊದಲ ವರ್ಷ ಮುಗಿದಾಗ ನಿಕೋಲ್ಸ್ ಕೆಲಸ ಬಿಡಲು ನಿರ್ಧರಿಸಿದ್ದರು. ಅದೇ ವಾರ ಒಂದು ಸಮಾರಂಭದಲ್ಲಿ "ನಿಮ್ಮ ಅಭಿಮಾನಿಯೊಬ್ಬರು ಭೇಟಿಯಾಗಬೇಕಂತೆ" ಎಂದು ಯಾರೋ ಕರೆದರು. ತಿರುಗಿ ನೋಡಿದರೆ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್! ತಾವು ಬಿಡುತ್ತಿರುವುದಾಗಿ ಹೇಳಿದಾಗ ಕಿಂಗ್ ಗಂಭೀರವಾದರಂತೆ. ಮನೆಗೆಲಸದವಳಲ್ಲದ, ಬುದ್ಧಿವಂತಳೂ ಅಧಿಕಾರಿಯೂ ಆದ ಕಪ್ಪು ಹೆಣ್ಣನ್ನು ಮಕ್ಕಳು ಮೊದಲ ಬಾರಿ ನೋಡುತ್ತಿದ್ದಾರೆ, ಆ ಕುರ್ಚಿ ಖಾಲಿ ಮಾಡಬೇಡ ಎಂಬರ್ಥದ ಮಾತು ಹೇಳಿದರಂತೆ. ನಿಕೋಲ್ಸ್ ಜೀವನವಿಡೀ ಈ ಘಟನೆಯನ್ನು ನೆನೆಯುತ್ತಿದ್ದರು. ಅವರು ಬಿಡಲಿಲ್ಲ.

1977ರಲ್ಲಿ ನಾಸಾ ಸಂಸ್ಥೆ ಹೆಣ್ಣುಮಕ್ಕಳನ್ನೂ ಬಿಳಿಯರಲ್ಲದವರನ್ನೂ ಗಗನಯಾತ್ರಿಗಳಾಗಲು ಕರೆಯುವ ಕೆಲಸಕ್ಕೆ ನಿಕೋಲ್ಸ್ ಅವರನ್ನೇ ಬಳಸಿತು. ಆ ಸಲ ಆಯ್ಕೆಯಾದವರಲ್ಲಿ ಮುಂದೆ ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿಯಾದ ಸ್ಯಾಲಿ ರೈಡ್ ಇದ್ದರು. 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್, ಬಾಲ್ಯದಲ್ಲಿ ಉಹುರಾಳನ್ನು ನೋಡಿಯೇ ಕನಸು ಕಂಡವರು.

ಚರ್ಚಿನ ಅಂಗಳದಲ್ಲಿ ಇದೆಲ್ಲ ಯಾಕೆ ಎಂದು ಕೇಳಿದ ಹಿರಿಯರಿಗೆ ನಮ್ಮ ಮೊದಲ ಉತ್ತರ ಇದು: ಸುವಾರ್ತೆ ಸಾರುವ ಒಬ್ಬ ಪಾದ್ರಿ, ತನ್ನ ಹೋರಾಟದ ನಡುವೆಯೂ, ಟಿ.ವಿ. ಧಾರಾವಾಹಿಯಲ್ಲಿ ಮಕ್ಕಳ ಭವಿಷ್ಯ ಕಂಡರು.

ಆಕಾಶದಿಂದ ಇಳಿದ ಟಿ.ವಿ.

ನಮ್ಮ ದೇಶದಲ್ಲಿ ಟಿ.ವಿ. ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ. ಮುಂಬಯಿಗೆ ಬಂದದ್ದು 1972ರಲ್ಲಿ. ಹಳ್ಳಿಗೆ ಹೋಗುವುದು ಹೇಗೆ? ಇದಕ್ಕೆ ದಾರಿ ತೋರಿಸಿದ್ದು ಒಂದು ಉಪಗ್ರಹ. ಭೂಮಿಯ ಜೊತೆಗೇ ಸುತ್ತುತ್ತ ಆಕಾಶದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಸಂಪರ್ಕ ಕೊಡಬಹುದೆಂದು 1945ರಲ್ಲೇ ಬರೆದವರು ವೈಜ್ಞಾನಿಕ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್. ಮೂವತ್ತು ವರ್ಷದ ನಂತರ, 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಉಪಗ್ರಹ ಬಳಸಿ ಇಸ್ರೋ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಕಳಿಸಿತು. ಆ ಪ್ರಯೋಗದ ಹೆಸರು 'ಸೈಟ್'. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದ್ದವು. ಶ್ರೀಲಂಕೆಯಲ್ಲಿ ವಾಸವಾಗಿದ್ದ ಕ್ಲಾರ್ಕ್ ಅವರ ಮನೆಗೂ ಭಾರತದಿಂದ ಹೋದವರು ಒಂದು ಆಂಟೆನಾ ಕೂರಿಸಿ ಬಂದರು. ಕಥೆಗಾರ ತಾನು ಕಲ್ಪಿಸಿದ್ದನ್ನು ತನ್ನ ಮನೆಯಲ್ಲೇ ಕೂತು ನೋಡಿದ!

1982ರಲ್ಲಿ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಹಾರಿತು. ಇನ್ಸಾಟ್ ಉಪಗ್ರಹಗಳನ್ನು ಹಾಸನದ ಕೇಂದ್ರದಿಂದ ನಿಯಂತ್ರಿಸುತ್ತಿದ್ದರು. ಆಮೇಲೆ ಊರೂರಿಗೂ ಪ್ರಸಾರ ಗೋಪುರ ಎದ್ದವು, ನಮ್ಮ ಗಡಿಯ ಮನೆಗಳ ಹೆಂಚಿನ ಮೇಲೂ ಮೀನಿನ ಮುಳ್ಳಿನಂಥ ಆಂಟೆನಾ ನಿಂತವು.

ದೂರದರ್ಶನದ ನಮ್ಮ ನಾಲ್ಕು

ಚೀಟಿಗಳಲ್ಲಿ ಬಂದ ದೂರದರ್ಶನ ಕಾಲದ ಹೆಸರುಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿದ್ದೇವೆ.

ಮೊದಲನೆಯದು 'ಜಯಂಟ್ ರೋಬೋಟ್'. ಮೂಲ ಜಪಾನಿನದು, 1967–68ರಲ್ಲಿ ಬಂದದ್ದು, 26 ಕಂತು. ಒಬ್ಬ ಹುಡುಗನ ಕೈಗಡಿಯಾರದ ಮಾತಿಗೆ ಬೆಟ್ಟದಷ್ಟು ದೊಡ್ಡ ಯಂತ್ರ ಏಳುತ್ತಿತ್ತು, ಹಾರುತ್ತಿತ್ತು. ಕೊನೆಯ ಕಂತಿನಲ್ಲಿ ಆ ಯಂತ್ರ ಹುಡುಗನ ಆಜ್ಞೆ ಮೀರಿ, ಶತ್ರುವನ್ನು ತಬ್ಬಿ ಅಂತರಿಕ್ಷಕ್ಕೆ ಒಯ್ದು, ತಾನೂ ನಾಶವಾಗಿ ಭೂಮಿಯನ್ನು ಉಳಿಸುತ್ತದೆ. "ಅವತ್ತು ನಾವೆಲ್ಲ ಅತ್ತಿದ್ದೆವು" ಎಂದು ಒಬ್ಬ ಮಾಮಾ ಹೇಳಿದಾಗ ಸಣ್ಣವರು ನಕ್ಕರು. ನಾವು ನಗಲಿಲ್ಲ. ಇತರರಿಗಾಗಿ ತನ್ನನ್ನು ಕೊಟ್ಟುಕೊಳ್ಳುವ ಕಥೆಗೆ ನಮ್ಮ ಕಣ್ಣು ತುಂಬುವುದು ಯಾಕೆ ಎಂದು ಶುಭ ಶುಕ್ರವಾರ ಶಿಲುಬೆಯ ಮುಂದೆ ಮಂಡಿಯೂರುವ ನಮಗೆ ಗೊತ್ತಿದೆ.

ಎರಡನೆಯದು 'ಇಂದ್ರಧನುಷ್', 1989. ಆನಂದ್ ಮಹೇಂದ್ರೂ ನಿರ್ದೇಶನ. ಮಕ್ಕಳು ಜೋಡಿಸಿದ ಕಂಪ್ಯೂಟರಿನೊಳಗೆ ಬೇರೆ ನಕ್ಷತ್ರಲೋಕದ ಜೀವಿಯೊಂದು ಸೇರಿಕೊಳ್ಳುತ್ತದೆ, ಅದರ ನೆರವಿನಿಂದ ಮಕ್ಕಳು ಕಾಲದಲ್ಲಿ ಹಿಂದೆ ಮುಂದೆ ಹೋಗುತ್ತಾರೆ. ಆಗ ಎಷ್ಟೋ ಜನ ಕಂಪ್ಯೂಟರನ್ನು ಕಣ್ಣಾರೆ ಕಂಡಿರಲಿಲ್ಲ. ಇದರಲ್ಲಿ ನಟಿಸಿದವರು ನಮ್ಮ ಗಿರೀಶ್ ಕಾರ್ನಾಡ್. ನಾಟಕಕಾರ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಮುಂದೆ ದೂರದರ್ಶನದ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮ ನಡೆಸಿಕೊಟ್ಟವರೂ ಅವರೇ. ಅದರಲ್ಲಿ ಪ್ರೊ. ಯಶ್ ಪಾಲ್ ಮಕ್ಕಳ ಪ್ರಶ್ನೆಗಳಿಗೆ ನಗುನಗುತ್ತ ಉತ್ತರಿಸುತ್ತಿದ್ದರು.

ಮೂರನೆಯದು 'ಶಕ್ತಿಮಾನ್', 1997ರ ಸೆಪ್ಟೆಂಬರಿನಿಂದ 2005ರವರೆಗೆ. ಮುಕೇಶ್ ಖನ್ನಾ ಗರಗರ ತಿರುಗಿದರೆ ನಾವೂ ಅಂಗಳದಲ್ಲಿ ತಿರುಗಿ ಬೀಳುತ್ತಿದ್ದೆವು. ಆದರೆ ಒಂದು ಕಹಿ ನೆನಪೂ ಇದೆ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಇಳಿದರೆಂಬ ಸುದ್ದಿಗಳು ಆಗ ಬಂದವು. ಖನ್ನಾ ಅವರು ಪರದೆಯ ಮೇಲೆ ಬಂದು ಹಾಗೆ ಮಾಡಬೇಡಿರೆಂದು ಮಕ್ಕಳನ್ನು ಕೇಳಿಕೊಳ್ಳಬೇಕಾಯಿತು. ಕಥೆ ಕಥೆಯೇ ಎಂದು ಹೇಳಿಕೊಡುವುದು ಮನೆಯವರ ಕೆಲಸ, ನಮ್ಮಂಥ ಅಣ್ಣ ಅಕ್ಕಂದಿರ ಕೆಲಸ. ಹಿರಿಯರ ಕಾಳಜಿಯಲ್ಲಿ ಈ ಪಾಲು ನಿಜ ಎಂದು ಒಪ್ಪುತ್ತೇವೆ.

ನಾಲ್ಕನೆಯದು 'ಕ್ಯಾಪ್ಟನ್ ವ್ಯೋಮ್', 1998. ಕೇತನ್ ಮೆಹ್ತಾ ನಿರ್ದೇಶನ, ಮಿಲಿಂದ್ ಸೋಮನ್ ನಾಯಕ. ಗುರುಗ್ರಹದ ಚಂದ್ರನ ಮೇಲಿನ ಸೆರೆಮನೆಯಿಂದ ಅಪರಾಧಿಗಳು ತಪ್ಪಿಸಿಕೊಳ್ಳುವ ಕಥೆ. ಈಗ ನೋಡಿದರೆ ಗ್ರಾಫಿಕ್ಸ್ ನಗು ತರಿಸುತ್ತದೆ. ಕೊಲ್ಹಾಪುರದವರಾದ ನಾವು ಮಾತ್ರ ನಗುವ ಮೊದಲು ಬಾಬೂರಾವ್ ಪೇಂಟರ್ ಅವರನ್ನು ನೆನೆಯಬೇಕು. ನೂರು ವರ್ಷದ ಹಿಂದೆ ಇದೇ ಊರಿನಲ್ಲಿ, ಕೈಯಾರೆ ಸಿನಿಮಾ ಕ್ಯಾಮೆರಾ ತಯಾರಿಸಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ನಡೆಸಿದವರು ಅವರು. ಇದ್ದುದರಲ್ಲೇ ಮಾಡಿ ತೋರಿಸುವುದು ನಮ್ಮ ಊರಿನ ಗುಣ.

ಒಂದು ಕೊರಗು: ಚೀಟಿಗಳಲ್ಲಿ ಒಂದೂ ಕನ್ನಡ ಧಾರಾವಾಹಿಯ ಹೆಸರಿರಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ ಎಂದು ಬೆಳೆದವರು ನಾವು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆ ಬರೆದಿದ್ದಾರೆ. ಅವು ನಮ್ಮ ಕೈಗೆ ಬಂದದ್ದು ತಡವಾಗಿ.

ಮರಾಠಿಯಲ್ಲಿ ಬರೆದ ವಿಜ್ಞಾನಿ

ಭಾಷೆಯ ಮಾತು ಬಂದಾಗ ಮತ್ತೆ ನಾರಳೀಕರ್. 1964ರಲ್ಲಿ ಹಾಯ್ಲ್ ಜೊತೆ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತ ಮಂಡಿಸಿ ಜಗತ್ತಿನ ಸುದ್ದಿಯಾದರು. 1965ರಲ್ಲಿ, 26ನೆಯ ವಯಸ್ಸಿಗೇ ಪದ್ಮಭೂಷಣ. 1972ರಲ್ಲಿ ದೇಶಕ್ಕೆ ಮರಳಿದರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಕಥಾಸ್ಪರ್ಧೆ ಏರ್ಪಡಿಸಿತು. ತನ್ನ ಹೆಸರು ನೋಡಿ ಬಹುಮಾನ ಕೊಡಬಾರದೆಂದು ನಾರಳೀಕರ್ 'ನಾರಾಯಣ ವಿನಾಯಕ ಜಗತಾಪ' ಎಂಬ ಹೆಸರಿನಲ್ಲಿ 'ಕೃಷ್ಣವಿವರ' ಎಂಬ ಕಥೆ ಕಳಿಸಿದರು. ಜಯಂತ ವಿಷ್ಣು ನಾರಳೀಕರ್ ಎಂಬುದರ ಮೊದಲಕ್ಷರಗಳನ್ನು ತಿರುವಿ ಹಾಕಿದರೆ ಆ ಹೆಸರಿನ ಮೊದಲಕ್ಷರಗಳು! ಕಥೆಗೆ ಮೊದಲ ಬಹುಮಾನ ಬಂತು.

ಆಮೇಲೆ ಕಥಾಸಂಕಲನ, ಕಾದಂಬರಿಗಳು ಬಂದವು. 'ಧೂಮಕೇತು' ಎಂಬ ಅವರ ಕಥೆಯನ್ನು ಮಕ್ಕಳ ಚಲನಚಿತ್ರ ಸಂಸ್ಥೆ ಹಿಂದಿ ಸಿನಿಮಾ ಮಾಡಿತು. 1990ರ ದಶಕದಲ್ಲಿ ದೂರದರ್ಶನದಲ್ಲಿ ಅವರ 'ಬ್ರಹ್ಮಾಂಡ್' ಎಂಬ 17 ಕಂತುಗಳ ಸರಣಿ ಬಂತು. ಅದು ಕಟ್ಟುಕಥೆಯಲ್ಲ, ಆಕಾಶದ ನಿಜಕಥೆ. ಗುರು ಹಾಯ್ಲ್ ಬಿಬಿಸಿಗೆ ಕಥೆ ಬರೆದರು, ಶಿಷ್ಯ ದೂರದರ್ಶನದಲ್ಲಿ ನಿಂತು ನಮ್ಮ ಅಪ್ಪ ಅಮ್ಮಂದಿರಿಗೆ ನಕ್ಷತ್ರ ತೋರಿಸಿದರು. 1988ರಲ್ಲಿ ಪುಣೆಯಲ್ಲಿ 'ಅಯುಕಾ' ಸಂಸ್ಥೆ ಕಟ್ಟಿದರು. 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡರು. ಅವರು ಹುಟ್ಟಿದ್ದು ಕೊಲ್ಹಾಪುರದಲ್ಲಿ ಎಂದು ಯುವಕೂಟದಲ್ಲಿ ಕೇಳಿದಾಗ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಅವರ ಇನ್ನೊಂದು ಕೆಲಸ ನಮಗೆ ಬಹಳ ಹಿಡಿಸಿತು. 2008ರಲ್ಲಿ ಅವರು ಮತ್ತು ಸಂಗಡಿಗರು ಜ್ಯೋತಿಷ್ಯವನ್ನು ಪರೀಕ್ಷೆಗೆ ಇಟ್ಟರು. ಓದಿನಲ್ಲಿ ಮುಂದಿದ್ದ 100 ಮಕ್ಕಳ, ಬುದ್ಧಿಮಾಂದ್ಯರಾದ 100 ಮಕ್ಕಳ ಜಾತಕಗಳನ್ನು ಬೆರೆಸಿ, ಯಾವುದು ಯಾರದೆಂದು ಹೇಳಲು ಜ್ಯೋತಿಷಿಗಳನ್ನು ಕೇಳಿದರು. 27 ಜನ ಉತ್ತರ ಕಳಿಸಿದರು. ಸರಿಯಾದದ್ದು ಶೇ. 46. ನಾಣ್ಯ ಚಿಮ್ಮಿದರೂ ಅಷ್ಟು ಸಿಗುತ್ತದೆ. ಧರ್ಮಸಭೆಯೂ ಭವಿಷ್ಯ ಕೇಳಿಸುವುದು ಬೇಡ ಅನ್ನುತ್ತದೆ. ಆದರೂ ಮೊಬೈಲಿನಲ್ಲಿ ರಾಶಿಫಲ ನೋಡುವ ನಮ್ಮವರು ಎಷ್ಟು ಜನ? ಇಲ್ಲಿ ವಿಜ್ಞಾನಿ ನಮ್ಮ ನಂಬಿಕೆಗೆ ವೈರಿಯಾಗಲಿಲ್ಲ, ನೆರವಾದರು.

ಗುರುಗಳ ಲೆಕ್ಕ

ಈಗ ಆ ಹುಡುಗಿಯ ಪ್ರಶ್ನೆ.

ಹಾಯ್ಲ್ ಮತ್ತು ನಾರಳೀಕರ್ ಇಬ್ಬರೂ ವಿಶ್ವಕ್ಕೆ ಒಂದು ಆದಿಕ್ಷಣ ಇತ್ತು ಎಂಬುದನ್ನು ಒಪ್ಪಲಿಲ್ಲ. ಅವರ ಎದುರು ಪಕ್ಷದ ಸಿದ್ಧಾಂತಕ್ಕೆ 1949ರಲ್ಲಿ ರೇಡಿಯೋ ಭಾಷಣವೊಂದರಲ್ಲಿ 'ಬಿಗ್ ಬ್ಯಾಂಗ್' ಎಂದು ಹೆಸರು ಕೊಟ್ಟವರೂ ಹಾಯ್ಲ್ ಅವರೇ. ಆ ಎದುರು ಪಕ್ಷದ ಮೂಲಪುರುಷ ಯಾರು ಗೊತ್ತೇ? ಬೆಲ್ಜಿಯಮ್ ದೇಶದ ಒಬ್ಬ ಕಥೋಲಿಕ ಗುರು, ಫಾದರ್ ಜಾರ್ಜ್ ಲೆಮೇತ್ರ್.

1894ರಲ್ಲಿ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ, 1923ರಲ್ಲಿ ಗುರುದೀಕ್ಷೆ ಪಡೆದವರು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಮಾಡಿ ಬರೆದರು. 1931ರಲ್ಲಿ ಎಲ್ಲವೂ ಒಂದು 'ಆದಿಮ ಅಣು'ವಿನಿಂದ ಶುರುವಾಗಿರಬೇಕು ಅಂದರು. ಪಾದ್ರಿಯೊಬ್ಬ ಬೈಬಲಿನ ಸೃಷ್ಟಿಕಥೆಯನ್ನು ವಿಜ್ಞಾನದೊಳಗೆ ತುರುಕುತ್ತಿದ್ದಾನೆ ಎಂಬ ಅನುಮಾನ ಕೆಲವರಿಗಿತ್ತು. ಆದರೆ ಲೆಮೇತ್ರ್ ಹಾಗೆ ಮಾಡಲೇ ಇಲ್ಲ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಈ ವಿಜ್ಞಾನ ಸೃಷ್ಟಿಕರ್ತನತ್ತ ಬೆರಳು ಮಾಡುತ್ತದೆ ಎಂಬ ಧಾಟಿಯಲ್ಲಿ ಮಾತನಾಡಿದಾಗ ಲೆಮೇತ್ರ್ ಅವರಿಗೆ ಕಸಿವಿಸಿಯಾಯಿತು. ಒಂದು ವೈಜ್ಞಾನಿಕ ಊಹೆ ನಾಳೆ ತಪ್ಪಾದರೂ ಆಗಬಹುದು, ನಂಬಿಕೆಯನ್ನು ಅದರ ಮೇಲೆ ಕಟ್ಟಬಾರದು ಎಂಬುದು ಅವರ ನಿಲುವು. ಮುಂದಿನ ವರ್ಷ ಖಗೋಳ ವಿಜ್ಞಾನಿಗಳ ಮುಂದೆ ಮಾತನಾಡುವಾಗ ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ.

1965ರಲ್ಲಿ ಆಕಾಶದ ಎಲ್ಲ ದಿಕ್ಕಿನಿಂದ ಬರುವ ಹಳೆಯ ಶಾಖದ ಗುರುತು ಪತ್ತೆಯಾಯಿತೆಂಬ ಸುದ್ದಿ ಬಂತು. ಕಾಯಿಲೆಯಲ್ಲಿದ್ದ ಲೆಮೇತ್ರ್ ಅವರಿಗೆ ಅದು ಗೊತ್ತಾಯಿತು. 1966ರ ಜೂನ್ 20ರಂದು ಅವರು ತೀರಿಕೊಂಡರು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ವಿಶ್ವ ಹಿಗ್ಗುವ ನಿಯಮಕ್ಕೆ ಹಬಲ್ ಹೆಸರಿನ ಜೊತೆ ಲೆಮೇತ್ರ್ ಹೆಸರನ್ನೂ ಸೇರಿಸಲು ಮತ ಹಾಕಿತು.

ನಾರಳೀಕರ್ ಮಾತ್ರ ಕೊನೆಯವರೆಗೂ ಬಿಗ್ ಬ್ಯಾಂಗನ್ನು ಪ್ರಶ್ನಿಸುತ್ತಲೇ ಇದ್ದರು. ಹೆಚ್ಚಿನ ವಿಜ್ಞಾನಿಗಳು ಇನ್ನೊಂದು ಕಡೆ ಇದ್ದರು. ಬಹುಮತಕ್ಕೆ ಹೆದರಿ ಸುಮ್ಮನಾಗಲಿಲ್ಲ, ತಮ್ಮ ಲೆಕ್ಕ ತೋರಿಸಿ ಚರ್ಚಿಸಿದರು. ಒಂದು ಕಡೆ ನಂಬಿಕೆಯನ್ನು ಲೆಕ್ಕದೊಳಗೆ ಬೆರೆಸದ ಗುರು, ಇನ್ನೊಂದು ಕಡೆ ಒಂಟಿಯಾದರೂ ಲೆಕ್ಕ ಬಿಡದ ಕೊಲ್ಹಾಪುರದ ಮಗ. ಈ ವಾದದಲ್ಲಿ ಫಾದರ್ ಲೆಮೇತ್ರ್ ಅವರ ಪಕ್ಷ ನಿಂತಿತು ಎಂದು ನಾವು ಬೀಗಬೇಕಾಗಿಲ್ಲ. ಇಬ್ಬರಲ್ಲೂ ಇದ್ದ ಪ್ರಾಮಾಣಿಕತೆಯನ್ನು ಕಲಿತರೆ ಸಾಕು.

ಇನ್ನೊಂದು ಸಣ್ಣ ಕಥೆ. 1965ರ ಅಮೆರಿಕನ್ ಧಾರಾವಾಹಿ 'ಲಾಸ್ಟ್ ಇನ್ ಸ್ಪೇಸ್'ನಲ್ಲಿ ರಾಬಿನ್ಸನ್ ಕುಟುಂಬ ಹೊರಡುವುದು ಆಲ್ಫಾ ಸೆಂಟಾರಿ ಎಂಬ ನಕ್ಷತ್ರದ ಕಡೆಗೆ. ಅದು ಒಂದಲ್ಲ, ಜೋಡಿ ನಕ್ಷತ್ರ ಎಂದು ಕಂಡುಹಿಡಿದವರು 1689ರಲ್ಲಿ ನಮ್ಮ ಪಾಂಡಿಚೇರಿಯಲ್ಲಿ ದೂರದರ್ಶಕ ಹಿಡಿದು ಕೂತಿದ್ದ ಯೇಸುಸಭೆಯ ಗುರು ಫಾದರ್ ಜಾನ್ ರಿಶೋ. ಧೂಮಕೇತು ನೋಡಲು ಹೋದವರಿಗೆ ಅದು ಸಿಕ್ಕಿತು.

ತಂಗಿ, ನಿನಗೆ

ಹಾಗಾದರೆ ನಕ್ಷತ್ರ ಓದಿದರೆ ನಂಬಿಕೆ ಹೋಗುತ್ತದೆಯೇ? ಓದಿ ಬಿಟ್ಟವರೂ ಇದ್ದಾರೆ, ಓದಿ ಮಂಡಿಯೂರಿದವರೂ ಇದ್ದಾರೆ. ಓದದೆ ಬಿಟ್ಟವರೂ ಇದ್ದಾರೆ. ಆದ್ದರಿಂದ ನಂಬಿಕೆ ಹೋದರೆ ಅದಕ್ಕೆ ಪುಸ್ತಕವೊಂದೇ ಕಾರಣ ಎಂದು ನಮಗೆ ಅನಿಸುವುದಿಲ್ಲ. ಪ್ರಶ್ನೆ ಕೇಳಿದ ಮಗುವಿಗೆ "ಸುಮ್ಮನಿರು" ಅಂದರೆ ಹೋಗಬಹುದು. ಆ ಸುಮ್ಮನಿರಿಸುವ ತಪ್ಪು ನಮ್ಮ ಯುವಕೂಟದಲ್ಲಿ ಆಗಬಾರದು. ಅವತ್ತು ಉತ್ತರ ಕೊಡದೆ ನಾವೂ ಸ್ವಲ್ಪ ಹಾಗೇ ಮಾಡಿದೆವು. ಕ್ಷಮಿಸು.

ಭೌತಶಾಸ್ತ್ರ ತೆಗೆದುಕೋ. ಭಾನುವಾರ ಬಲಿಪೂಜೆಗೂ ಬಾ. ಕಷ್ಟದ ಪ್ರಶ್ನೆ ಎದ್ದಾಗ ಎರಡೂ ಕಡೆಯಿಂದ ಓಡಿಹೋಗಬೇಡ, ನಮ್ಮ ಜೊತೆ ಕೂತು ಮಾತಾಡು. ಹಿರಿಯರೇ, ನಿಮ್ಮ ಕಾಳಜಿ ನಮಗೆ ಬೇಕು. ಅದನ್ನು ಬೇಲಿ ಮಾಡದೆ ದೀಪ ಮಾಡಿ ಕೊಡಿ.

ಬರುವ ತಿಂಗಳ ಕೂಟದಲ್ಲಿ 'ಸ್ಟಾರ್ ಟ್ರೆಕ್'ನ ಒಂದು ಕಂತನ್ನು ಒಟ್ಟಿಗೆ ನೋಡೋಣ. ಮೋಡ ಇಲ್ಲದಿದ್ದರೆ ಆಮೇಲೆ ಚರ್ಚಿನ ಮಾಳಿಗೆ ಹತ್ತಿ ನಿಜವಾದ ಆಕಾಶವನ್ನೂ ನೋಡೋಣ. ಬರುವ ಮೊದಲು ಮೂರು ಪ್ರಶ್ನೆ ಯೋಚಿಸಿ ಬನ್ನಿ:

1. ನಿಮ್ಮ ಮೆಚ್ಚಿನ ಧಾರಾವಾಹಿಯಲ್ಲಿ ಯಾರು ಯಾರಿಗಾಗಿ ಏನನ್ನು ತ್ಯಾಗ ಮಾಡುತ್ತಾರೆ?
2. ಉಹುರಾಳ ಕುರ್ಚಿಯಂತೆ, ನೀವು ಖಾಲಿ ಮಾಡಬಾರದ ಕುರ್ಚಿ ನಿಮ್ಮ ಶಾಲೆಯಲ್ಲಿ, ಕೆಲಸದಲ್ಲಿ ಯಾವುದು?
3. ನಮ್ಮ ಊರನ್ನೇ ಇಟ್ಟುಕೊಂಡು, ಪಂಚಗಂಗೆ ಅಥವಾ ಹಿರಣ್ಯಕೇಶಿಯ ದಡದಲ್ಲಿ ನಡೆಯುವ ಒಂದು ವೈಜ್ಞಾನಿಕ ಕಥೆಯನ್ನು ಕನ್ನಡದಲ್ಲಿ ಒಂದು ಪುಟ ಬರೆಯಬಲ್ಲಿರಾ?

ಮೂರನೆಯದನ್ನು ಬರೆದು ತಂದವರಿಗೆ ಚಹಾದ ಜೊತೆ ಒಂದು ವಡಾ ಹೆಚ್ಚು. ಬೇಕಾದರೆ ಹೆಸರು ತಿರುವಿ ಬರೆದು ಕೊಡಿ, ನಾರಳೀಕರರಂತೆ. ನಾವು ಯಾರೆಂದು ಕೇಳುವುದಿಲ್ಲ.

ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ದೇವರು ನಮ್ಮೆಲ್ಲರ ಓದನ್ನು, ಮನೆಗಳನ್ನು ಆಶೀರ್ವದಿಸಲಿ.

ನಿಮ್ಮ ಯುವಕೂಟದ ಬಳಗ